ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರ ಕೋಪ, ಸುಸ್ತು, ಅಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಸುಗೂಸಿನಿಂದ ಹಿಡಿದು ಒಂದನೇ ಕ್ಲಾಸಿಗೆ ಸೇರುವವರೆಗಿನ ಮಕ್ಕಳಿರುವ ಮನೆಗಳಿಗಾಗಿ ಇದನ್ನು ಬರೆದಿದ್ದೇವೆ. ಮಕ್ಕಳನ್ನು ಹೇಗೆ ಬೆಳೆಸಬೇಕು ಅಂತ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. ಬೆಳೆಸುವವರು ಹೇಗಿದ್ದಾರೆ ಅಂತ ವಿಚಾರಿಸುವವರು ಕಡಿಮೆ. ತುರ್ತು ಅನ್ನಿಸಿದರೆ ಮಧ್ಯದ್ದೆಲ್ಲ ಬಿಟ್ಟು ನೇರ ಕೊನೆಯ ಎರಡು ಪ್ರಶ್ನೆಗಳಿಗೆ ಹೋಗಿ.

ಬೆಳಿಗ್ಗೆ ಹೊತ್ತು ಮಗುವಿನ ಮೇಲೆ ಕಿರುಚಿಬಿಡುತ್ತೇನೆ. ಆಮೇಲೆ ಆಫೀಸಿನಲ್ಲಿ ಕೂತಾಗ ತುಂಬಾ ಬೇಜಾರಾಗುತ್ತೆ. ನನ್ನ ಸ್ವಭಾವವೇ ಸರಿಯಿಲ್ವಾ?

ಸ್ವಭಾವದ ವಿಚಾರ ಆಮೇಲೆ ನೋಡೋಣ. ಮೊದಲು ನಿನ್ನೆ ರಾತ್ರಿಯ ಲೆಕ್ಕ ತೆಗೆಯಿರಿ. ಮಧ್ಯೆ ಎಚ್ಚರವಾಗದೆ ಎಷ್ಟು ಗಂಟೆ ಮಲಗಿದಿರಿ? ಬೆಳಿಗ್ಗೆ ಹೊಟ್ಟೆಗೆ ಏನಾದರೂ ಬಿತ್ತಾ, ಅಥವಾ ಕಾಫಿ ಸ್ಟೌ ಪಕ್ಕದಲ್ಲೇ ಆರಿಹೋಯಿತಾ? ತಿಂಡಿ, ಡಬ್ಬಿ, ಸ್ನಾನ, ಶೂ, ಸ್ಕೂಲ್ ವ್ಯಾನು, ಇಷ್ಟರಲ್ಲಿ ಎಷ್ಟು ಕೆಲಸ ನಿಮ್ಮೊಬ್ಬರ ತಲೆಯ ಮೇಲಿತ್ತು?

ನಿದ್ದೆ ಕೆಟ್ಟಾಗ ಸಣ್ಣ ವಿಷಯಕ್ಕೂ ಮನಸ್ಸು ದೊಡ್ಡದಾಗಿ ಸಿಡಿಯುತ್ತದೆ. ಎಂಥ ಶಾಂತ ಮನುಷ್ಯರಿಗೂ ಹೀಗಾಗುತ್ತದೆ. ಹಸಿವೂ ಗಡಿಬಿಡಿಯೂ ಸೇರಿದರೆ ಹೇಳುವುದೇ ಬೇಡ. ಹಾಗಾಗಿ ಒಂದು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ: ಎಷ್ಟು ಗಂಟೆಗೆ ಕೂಗಿದೆ, ಯಾವ ಕಾರಣಕ್ಕೆ. ಸಾಮಾನ್ಯವಾಗಿ ಎರಡೇ ಹೊತ್ತು ಕಾಣುತ್ತವೆ. ಬೆಳಿಗ್ಗೆ ಮನೆ ಬಿಡುವ ಮುಂಚಿನ ಗಂಟೆ, ಸಂಜೆ ಊಟಕ್ಕೂ ನಿದ್ದೆಗೂ ನಡುವಿನ ಗಂಟೆ. ಭಾನುವಾರ ಮಧ್ಯಾಹ್ನ ನೀವು ಇದೇ ಮಗುವಿನ ಜೊತೆ ನಗುತ್ತಾ ಕೂತಿರುತ್ತೀರಿ. ಅಂದರೆ ಸರಿಮಾಡಬೇಕಾದದ್ದು ಆ ಗಂಟೆಯನ್ನು.

ಆ ಗಂಟೆಯಿಂದ ಒಂದೆರಡು ಕೆಲಸ ಎತ್ತಿ ಬೇರೆ ಕಡೆ ಹಾಕಿ. ಬಟ್ಟೆ, ಸಾಕ್ಸ್, ಬ್ಯಾಗು ರಾತ್ರಿಯೇ ಬಾಗಿಲ ಹತ್ತಿರ ಇರಲಿ. ವಾರಕ್ಕೆ ಮೂರು ದಿನ ಅವಲಕ್ಕಿಯೋ ಬ್ರೆಡ್ಡೋ ಆದರೆ ಯಾರ ಆರೋಗ್ಯವೂ ಕೆಡುವುದಿಲ್ಲ. ಇನ್ನೊಂದು ಮಾತು. ಮೂರು ವರ್ಷದ ಮಗುವಿಗೆ ‘ಬೇಗ ಬೇಗ’ ಅಂದರೆ ಏನೂ ತಿಳಿಯುವುದಿಲ್ಲ. ಅದಕ್ಕೆ ಗಡಿಯಾರವೇ ಇನ್ನೂ ಗೊತ್ತಿಲ್ಲ, ಅಲ್ವಾ? ‘ಈ ಕಾಲು ಶೂ ಒಳಗೆ ಹಾಕು’ ಅಂದರೆ ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮುಗಿದ ಮೇಲೆ ಮುಂದಿನದು.

ಕೋಪ ನೆತ್ತಿಗೇರಿದ ಆ ಕ್ಷಣದಲ್ಲಿ ಏನು ಮಾಡೋದು? ಉಸಿರು ಎಳೆದುಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ, ಆಗ ನೆನಪೇ ಆಗಲ್ಲ.

ನೆನಪಾಗುವುದಿಲ್ಲ, ನಿಜ. ಅದಕ್ಕೇ ಕೋಪಕ್ಕಿಂತ ಮುಂಚೆ ನಿಮ್ಮ ಮೈಯಲ್ಲಿ ಏನಾಗುತ್ತದೆ ಅಂತ ತಿಳಿದುಕೊಂಡಿರಬೇಕು. ಕೆಲವರಿಗೆ ಹಲ್ಲು ಕಚ್ಚಿಕೊಳ್ಳುತ್ತದೆ, ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೆಲವರು ಪಾತ್ರೆ ಕುಕ್ಕಲು ಶುರುಮಾಡುತ್ತಾರೆ. ಆ ಗುರುತು ಸಿಕ್ಕಿದರೆ ಕೂಗುವ ಮುಂಚೆ ಅರ್ಧ ನಿಮಿಷ ಕೈಯಲ್ಲಿರುತ್ತದೆ.

ಆ ಅರ್ಧ ನಿಮಿಷದಲ್ಲಿ ಉಸಿರು ಎಳೆಯುವುದಕ್ಕಿಂತ ಬಿಡುವುದು ಮುಖ್ಯ. ನಾಲ್ಕು ಎಣಿಸುತ್ತಾ ಎಳೆದುಕೊಂಡು, ಆರೋ ಎಂಟೋ ಎಣಿಸುತ್ತಾ ನಿಧಾನ ಬಿಡಿ. ಉಸಿರು ಉದ್ದಕ್ಕೆ ಬಿಟ್ಟಾಗ ಎದೆಬಡಿತ ಇಳಿಯುತ್ತದೆ. ಐದಾರು ಸಲ ಸಾಕು. ಮಗುವಿಗೂ ಹೇಳಿ: ‘ಅಮ್ಮಂಗೆ ಕೋಪ ಬಂದಿದೆ, ನೀರು ಕುಡಿದು ಬರ್ತೀನಿ.’ ದೊಡ್ಡವರು ಕೋಪವನ್ನು ಹೇಗೆ ನಿಭಾಯಿಸುತ್ತಾರೆ ಅನ್ನುವುದನ್ನು ಮಗು ಕಲಿಯುವುದು ಹೀಗೆ ನೋಡಿಯೇ.

ಜೊತೆಗೆ ಮನೆಯ ಗಲಾಟೆ ಕಡಿಮೆ ಮಾಡಿ. ಕುಕ್ಕರ್ ಕೂಗುತ್ತಿದೆ, ಮಿಕ್ಸಿ ತಿರುಗುತ್ತಿದೆ, ಹಾಲ್‌ನಲ್ಲಿ ಧಾರಾವಾಹಿಯ ಅತ್ತೆ ಸೊಸೆಗೆ ಗದರಿಸುತ್ತಿದ್ದಾಳೆ, ಅದರ ಮಧ್ಯೆ ಮಗು ಅಳುತ್ತಿದೆ. ಇಂಥ ಸಂತೆಯಲ್ಲಿ ತಾಳ್ಮೆ ಎಲ್ಲಿಂದ ಬರಬೇಕು? ಟಿವಿ ಆರಿಸಿದರೆ ಅರ್ಧ ಕೋಪ ಹೋಗುವುದನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು.

ಎರಡೂವರೆ ವರ್ಷದ ಮಗ ಅಂಗಡಿಯಲ್ಲಿ ನೆಲಕ್ಕೆ ಬಿದ್ದು ಹೊರಳಾಡ್ತಾನೆ. ಎಲ್ಲರೂ ನಮ್ಮನ್ನೇ ನೋಡ್ತಾರೆ.

ಈ ವಯಸ್ಸಿನ ರಂಪ ಬೆಳವಣಿಗೆಯ ಭಾಗ. ಒಂದು, ಒಂದೂವರೆ ವರ್ಷಕ್ಕೆ ಶುರುವಾಗಿ ಎರಡರಿಂದ ಮೂರರ ನಡುವೆ ಜೋರಾಗಿ, ಮಾತು ಚೆನ್ನಾಗಿ ಬರುತ್ತಿದ್ದಂತೆ ಇಳಿಯುತ್ತದೆ. ಆಸೆಯನ್ನು ತಡೆದು ನಿಲ್ಲಿಸುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ಎರಡೂವರೆಗೆ ಅದನ್ನು ಎಲ್ಲಿಂದ ತರುವುದು?

ರಂಪ ಜೋರಾಗಿರುವಾಗ ಬುದ್ಧಿ ಹೇಳುವುದು ಸುರಿಯುವ ಮಳೆಗೆ ಬುದ್ಧಿ ಹೇಳಿದ ಹಾಗೆ. ಪೆಟ್ಟಾಗದ ಜಾಗಕ್ಕೆ ಎತ್ತಿಕೊಂಡು ಹೋಗಿ, ಪಕ್ಕದಲ್ಲಿ ಕೂತುಕೊಳ್ಳಿ, ಮಾತು ಕಡಿಮೆ ಮಾಡಿ. ‘ಚಾಕೊಲೇಟ್ ಬೇಕಿತ್ತು, ಸಿಗಲಿಲ್ಲ, ಕೋಪ ಬಂದಿದೆ’ ಇಷ್ಟು ಸಾಕು. ಬೇಡ ಅಂದದ್ದನ್ನು ಕೊನೆಗೆ ಕೊಡಿಸಿಬಿಟ್ಟರೆ ಮುಂದಿನ ಸಲದ ರಂಪ ಇನ್ನೂ ಉದ್ದವಾಗುತ್ತದೆ. ಕೊಡಿಸುವುದೇ ಆದರೆ ಅಳುವ ಮುಂಚೆ ಕೊಡಿಸಿ. ಅದರಲ್ಲೇನೂ ಅವಮಾನವಿಲ್ಲ.

ನೋಡುವ ಜನರ ಬಗ್ಗೆ: ಅವರಲ್ಲಿ ಹೆಚ್ಚಿನವರು ‘ಸದ್ಯ, ಇವತ್ತು ನಮ್ಮದಲ್ಲ’ ಅಂದುಕೊಳ್ಳುತ್ತಿರುತ್ತಾರೆ. ಉಳಿದವರ ಹತ್ತಿರ ಸರ್ಟಿಫಿಕೇಟ್ ತೆಗೆದುಕೊಂಡು ಮಾಡುವುದೇನು?

ರಂಪ ದಿನಕ್ಕೆ ಹಲವು ಸಲ ಆಗುತ್ತಿದ್ದರೆ, ಮಗು ತನ್ನ ತಲೆಯನ್ನೇ ಜಜ್ಜಿಕೊಳ್ಳುತ್ತಿದ್ದರೆ, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಮಾತಾಡದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಕಿವಿ ಸರಿಯಾಗಿ ಕೇಳದ ಮಗುವೂ ಹಟಮಾರಿಯಂತೆ ಕಾಣಬಹುದು.

ಕೂಗಾಡಿದ ಮೇಲೆ ಮಗುವಿನ ಹತ್ತಿರ ಸಾರಿ ಕೇಳಬೇಕಾ? ಸದರ ಆಗಿಬಿಡಲ್ವಾ?

ಕೇಳಬೇಕು. ಸದರ ಆಗುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಮಗುವಿನ ಜೊತೆ ಆಡುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವನೆಯೂ ಇಲ್ಲದೆ ಸುಮ್ಮನೆ ಕೂರಬೇಕು. ಮಗು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ಕೊನೆಗೆ ಕಂಗಾಲಾಗುತ್ತದೆ. ತಾಯಿ ಮತ್ತೆ ಮಾತಾಡಿಸಿದಾಗ ಸ್ವಲ್ಪ ಮುನಿದು, ಮತ್ತೆ ಹತ್ತಿರವಾಗುತ್ತದೆ. ಅವರು ಕಂಡ ಇನ್ನೊಂದು ವಿಷಯ ಅಪ್ಪ ಅಮ್ಮಂದಿರಿಗೆ ಸಮಾಧಾನ ಕೊಡುವಂಥದ್ದು. ಚೆನ್ನಾಗಿ ಹೊಂದಿಕೊಂಡ ತಾಯಿ ಮಗುವಿನ ನಡುವೆಯೂ ತಾಳ ಕೂಡುವುದು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತು ತಪ್ಪುತ್ತದೆ, ಮತ್ತೆ ಸೇರುತ್ತದೆ. ಸಂಬಂಧ ಗಟ್ಟಿಯಾಗುವುದು ಹೀಗೆ ತಪ್ಪಿ ಸೇರುವುದರಲ್ಲೇ.

ಆದರೆ ಸಾರಿ ಚಿಕ್ಕದಾಗಿರಲಿ. ‘ನಾನು ಜೋರಾಗಿ ಕೂಗಿದೆ. ನಿನಗೆ ಭಯ ಆಯ್ತಲ್ವಾ? ಹಾಗೆ ಕೂಗಬಾರದಿತ್ತು.’ ಅಷ್ಟೇ. ‘ನೀನು ಹಾಗೆ ಮಾಡಿದ್ದಕ್ಕೇ ನಾನು ಕೂಗಿದ್ದು’ ಅಂತ ಬಾಲ ಸೇರಿಸಬೇಡಿ. ಮಗುವನ್ನು ತಬ್ಬಿ ನೀವೇ ಗಂಟೆಗಟ್ಟಲೆ ಅತ್ತರೂ ಕಷ್ಟ. ಆಗ ಸಮಾಧಾನ ಮಾಡುವ ಕೆಲಸ ಮಗುವಿನ ಮೇಲೆ ಬೀಳುತ್ತದೆ. ಇನ್ನು ಹಟ ಮಾಡಿದ್ದಕ್ಕೆ ಹಾಕಿದ ನಿಯಮ ಹಾಗೇ ಇರಲಿ. ಕೂಗಿದ್ದಕ್ಕೆ ಮಾತ್ರ ಸಾರಿ.

ಒಂದೇಟು ಹಾಕಿದರೆ ಏನು ತಪ್ಪು? ನಾವೂ ಏಟು ತಿಂದೇ ಬೆಳೆದವರು.

ಹೌದು, ಬೆಳೆದೆವು. ಏಟಿನಿಂದಾಗಿ ಬೆಳೆದೆವೋ, ಏಟು ಬಿದ್ದರೂ ಬೆಳೆದೆವೋ ಅನ್ನುವುದು ಬೇರೆ ಮಾತು.

ಏಟು ಆ ಹೊತ್ತಿಗೆ ಕೆಲಸ ಮಾಡಿದಂತೆ ಕಾಣುತ್ತದೆ, ಯಾಕೆಂದರೆ ಮಗು ಬೆಚ್ಚಿ ಸುಮ್ಮನಾಗುತ್ತದೆ. ಏನು ಮಾಡಬೇಕಿತ್ತು ಅನ್ನುವುದನ್ನು ಕಲಿಯುವುದಿಲ್ಲ. ಹಲವು ದಶಕಗಳ ಅಧ್ಯಯನಗಳು ತೋರಿಸಿರುವುದು ಒಂದೇ ದಿಕ್ಕನ್ನು: ಏಟು ತಿನ್ನುವ ಮಕ್ಕಳಲ್ಲಿ ಹೊಡೆದಾಟ, ಸಿಟ್ಟು ಜಾಸ್ತಿ, ಕಡಿಮೆಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಗುವಿಗೆ ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತೆಯೂ ಇಲ್ಲ. ಟೀಚರ್ ಹೊಡೆದರೆ ನಾವು ಸ್ಕೂಲಿಗೆ ಹೋಗಿ ಗಲಾಟೆ ಮಾಡುತ್ತೇವೆ, ಮನೆಗೆ ಬಂದರೆ ಮಾತ್ರ ಲೆಕ್ಕ ಬೇರೆ ಯಾಕೆ?

ಹೆಚ್ಚಿನ ಏಟುಗಳು ಯೋಚಿಸಿ ಕೊಟ್ಟ ಶಿಕ್ಷೆಯೂ ಅಲ್ಲ. ನಮ್ಮ ಸುಸ್ತು ಕೈಯಿಂದ ಹೊರಬಂದದ್ದು. ಬಾಸ್ ಮೇಲೆ ಬಂದ ಸಿಟ್ಟನ್ನು ಬಾಸ್ ಮೇಲೆ ತೋರಿಸುವುದಿಲ್ಲ. ಎರಡೂವರೆ ಅಡಿ ಎತ್ತರದವರ ಮೇಲೆ ತೋರಿಸುತ್ತೇವೆ.

‘ಗುಮ್ಮ ಬರ್ತಾನೆ’, ‘ಪೊಲೀಸ್ ಹಿಡ್ಕೊಂಡು ಹೋಗ್ತಾರೆ’, ‘ಡಾಕ್ಟರ್ ಸೂಜಿ ಚುಚ್ತಾರೆ’ ಅಂತ ಹೆದರಿಸಿದರೆ?

ಗುಮ್ಮ ಹೇಗೋ ಹೋಗಲಿ. ಪೊಲೀಸ್ ಮತ್ತು ಡಾಕ್ಟರ್ ಬೇಡವೇ ಬೇಡ. ಜಾತ್ರೆಯಲ್ಲಿ ಮಗು ಕಳೆದುಹೋದರೆ ಅದು ಪೊಲೀಸರ ಹತ್ತಿರ ಹೋಗಬೇಕು, ಅವರನ್ನು ಕಂಡು ಓಡಬಾರದು. ರಾತ್ರಿ ನಿದ್ದೆಗೆ ಮುಂಚೆಯಂತೂ ಯಾವ ಹೆದರಿಕೆಯೂ ಬೇಡ. ಆ ಭಯದಿಂದ ಮಗು ಮಧ್ಯರಾತ್ರಿ ಎದ್ದರೆ ಏಳಬೇಕಾದವರು ನೀವೇ.

ಒಂದೂವರೆ ತಿಂಗಳ ಕೂಸು ಸಂಜೆಯಾದರೆ ಅಳು ನಿಲ್ಲಿಸುವುದೇ ಇಲ್ಲ. ಎತ್ತಿ ಕುಲುಕಿಬಿಡೋಣ ಅನ್ನಿಸುತ್ತೆ.

ಅನ್ನಿಸಿದ್ದನ್ನು ಹೇಳಿಕೊಂಡದ್ದು ಒಳ್ಳೆಯದಾಯಿತು. ತುಂಬಾ ಜನಕ್ಕೆ ಅನ್ನಿಸುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ.

ಕೂಸನ್ನು ಯಾವತ್ತೂ ಕುಲುಕಬೇಡಿ. ಕೂಸಿನ ಕತ್ತಿಗೆ ಇನ್ನೂ ಬಲವಿರುವುದಿಲ್ಲ, ತಲೆ ಭಾರ. ಕೆಲವೇ ಸೆಕೆಂಡು ಜೋರಾಗಿ ಕುಲುಕಿದರೂ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು, ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ತಡೆಯಲು ಆಗುತ್ತಿಲ್ಲ ಅನ್ನಿಸಿದ ತಕ್ಷಣ ಕೂಸನ್ನು ತೊಟ್ಟಿಲಲ್ಲೋ ಚಾಪೆ ಮೇಲೋ ಅಂಗಾತ ಮಲಗಿಸಿ, ಸುತ್ತ ದಿಂಬು ಹೊದಿಕೆ ಏನೂ ಇಲ್ಲ ಅಂತ ನೋಡಿ, ಹೊರಗೆ ಬಂದು ಐದು ಹತ್ತು ನಿಮಿಷ ನಿಲ್ಲಿ. ಅಷ್ಟು ಹೊತ್ತು ಅತ್ತರೆ ಕೂಸಿಗೆ ಏನೂ ಆಗುವುದಿಲ್ಲ. ಪಕ್ಕದ ಮನೆಯವರನ್ನು ಕರೆಯಿರಿ.

ಇನ್ನು ಅಳುವಿನ ವಿಷಯ. ಹುಟ್ಟಿದ ಎರಡು ವಾರಕ್ಕೆ ಅಳು ಏರಲು ಶುರುವಾಗಿ, ಆರನೇ ವಾರದ ಹೊತ್ತಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುವುದು ವಾಡಿಕೆ. ಸಂಜೆ ಜಾಸ್ತಿ. ನಿಮ್ಮ ಹಾಲು ಸಾಲದೆಯೋ ದೃಷ್ಟಿಯಾಗಿಯೋ ಅಂತ ಪ್ರತಿ ಸಲ ಕಾರಣ ಹುಡುಕಬೇಕಿಲ್ಲ. ಆದರೆ ಜ್ವರ, ಹಸಿರು ವಾಂತಿ, ಹಾಲು ಬಿಡುವುದು, ಮಂಕಾಗಿ ಮಲಗುವುದು, ಇವುಗಳಲ್ಲಿ ಒಂದು ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಿ.

ಬಾಣಂತನದಲ್ಲಿ ಎಲ್ಲ ಚೆನ್ನಾಗಿ ನೋಡಿಕೊಳ್ತಿದ್ದಾರೆ. ಆದರೂ ಸುಮ್ನೆ ಸುಮ್ನೆ ಅಳು ಬರುತ್ತೆ. ಮಗುವನ್ನು ನೋಡಿದರೆ ಏನೂ ಅನ್ನಿಸಲ್ಲ.

ಇದರಲ್ಲಿ ಮೂರು ಬಗೆ ಇವೆ. ಮೂರನ್ನೂ ಬೇರೆ ಬೇರೆ ಮಾಡಿ ನೋಡಬೇಕು.

ಹೆರಿಗೆಯಾಗಿ ಎರಡು ಮೂರು ದಿನಕ್ಕೆ ಕಾರಣವಿಲ್ಲದ ಅಳು, ಕಿರಿಕಿರಿ ಬರುವುದು ತುಂಬಾ ಸಾಮಾನ್ಯ. ಬಹುಪಾಲು ತಾಯಂದಿರಿಗೆ ಆಗುತ್ತದೆ. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ.

ಎರಡು ವಾರ ದಾಟಿದರೂ ಮನಸ್ಸು ಭಾರವಾಗೇ ಇದ್ದರೆ, ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ‘ನಾನು ಯಾತಕ್ಕೂ ಬಾರದವಳು’ ಅನ್ನುವ ಯೋಚನೆ ಬಿಡದಿದ್ದರೆ ಅದು ಬಾಣಂತಿ ಖಿನ್ನತೆ ಇರಬಹುದು. ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಸುಮಾರು ಐವರು ತಾಯಂದಿರಲ್ಲಿ ಒಬ್ಬರಿಗೆ ಇದು ಕಾಣುತ್ತದೆ. ಇದನ್ನು ಪತ್ತೆ ಮಾಡಲು ಡಾಕ್ಟರುಗಳು ಎಡಿನ್‌ಬರೋ ಮಾಪಕ ಅನ್ನುವ ಹತ್ತು ಪ್ರಶ್ನೆಗಳ ಹಾಳೆ ಬಳಸುತ್ತಾರೆ. 1987ರಲ್ಲಿ ಬಂದದ್ದು, ಕನ್ನಡದಲ್ಲೂ ಇದೆ. ತುಂಬಲು ಐದು ನಿಮಿಷ ಸಾಕು. ಕೂಸಿನ ಲಸಿಕೆಗೆ ಹೋದಾಗ ಕೇಳಿ ನೋಡಿ. ಜೊತೆಗೆ ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೆ ಸುಸ್ತು, ದುಗುಡ ಎರಡೂ ಬರುತ್ತವೆ. ಅದು ಗೊತ್ತಾಗದೆ ಎಷ್ಟೋ ಹೆಣ್ಣುಮಕ್ಕಳು ‘ಸೋಮಾರಿ’ ಅನ್ನಿಸಿಕೊಂಡಿದ್ದಾರೆ. ಹಾಲೂಡಿಸುವಾಗ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಆ ಭಯಕ್ಕೆ ಚಿಕಿತ್ಸೆ ಮುಂದೂಡಬೇಡಿ.

ಮೂರನೆಯದು ಅಪರೂಪ, ಸಾವಿರದಲ್ಲಿ ಒಬ್ಬರು ಇಬ್ಬರಿಗೆ ಬರುವಂಥದ್ದು. ಆದರೆ ತುರ್ತು. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಬಾಣಂತಿಗೆ ನಿದ್ದೆಯೇ ಬೇಡವಾಗುತ್ತದೆ, ಇಲ್ಲದ ಧ್ವನಿ ಕೇಳಿಸುತ್ತದೆ, ಮಗು ತನ್ನದಲ್ಲ ಅನ್ನುತ್ತಾಳೆ, ಮನೆಯವರ ಮೇಲೆಲ್ಲ ಅನುಮಾನ ಪಡುತ್ತಾಳೆ. ಇದನ್ನು ಗಾಳಿ, ದೆವ್ವ ಅಂತ ದಿನ ಕಳೆಯಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಇದು ಚೆನ್ನಾಗಿ ವಾಸಿಯಾಗುತ್ತದೆ.

ಮಗುವನ್ನು ನೋಡಿದರೆ ಏನೂ ಅನ್ನಿಸುವುದಿಲ್ಲ ಅಂದಿರಿ. ತೊಟ್ಟಿಲು ಕಂಡ ಕೂಡಲೇ ಪ್ರೀತಿ ಉಕ್ಕಬೇಕು ಅನ್ನುವುದು ಸಿನಿಮಾದ ಮಾತು. ಹಲವರಿಗೆ ಅದು ವಾರಗಳು, ತಿಂಗಳುಗಳಲ್ಲಿ ನಿಧಾನ ಬರುತ್ತದೆ. ಆದರೂ ಡಾಕ್ಟರ ಹತ್ತಿರ ಇದನ್ನೂ ಬಿಡದೆ ಹೇಳಿ.

ಅಮ್ಮ, ಅತ್ತೆ, ಚಿಕ್ಕಮ್ಮ ಎಲ್ಲರೂ ಒಂದೊಂದು ಹೇಳ್ತಾರೆ. ಎಲ್ಲದಕ್ಕೂ ಜಗಳ ಆಡೋಕಾಗಲ್ಲ.

ಎಲ್ಲದಕ್ಕೂ ಆಡಬೇಡಿ. ಯಾವುದಕ್ಕೆ ಬಿಡಬೇಕು, ಯಾವುದಕ್ಕೆ ಬಿಡಬಾರದು ಅಂತ ಮೊದಲೇ ನಿಶ್ಚಯಿಸಿಕೊಳ್ಳಿ.

ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರಾ? ನಿವಾಳಿಸಲಿ. ಅಂಗಾಲಿಗೆ ದೃಷ್ಟಿಬೊಟ್ಟು ಇಡುತ್ತಾರಾ? ಇಡಲಿ. ನಿಮಗೆ ಮೆಂತ್ಯದ ಹಿಟ್ಟು, ಅಂಟಿನ ಉಂಡೆ, ಎಣ್ಣೆ ನೀರು? ಸುಖವಾಗಿ ಮಾಡಿಸಿಕೊಳ್ಳಿ. ನಮ್ಮ ಬಾಣಂತನದಲ್ಲಿ ಒಂದು ಒಳ್ಳೆಯ ಗುಣವಿದೆ. ಹೆತ್ತವಳು ಮಲಗಬೇಕು, ಬೇರೆಯವರು ಕೆಲಸ ಮಾಡಬೇಕು ಅಂತ ಅದು ಒಪ್ಪಿಕೊಂಡಿದೆ. ನ್ಯೂಕ್ಲಿಯರ್ ಫ್ಯಾಮಿಲಿಗಳು ಕಳೆದುಕೊಂಡದ್ದು ಅದನ್ನೇ.

ಬಿಡಬಾರದ ಪಟ್ಟಿ ಚಿಕ್ಕದು. ವರ್ಷ ತುಂಬುವ ಮುಂಚೆ ಜೇನುತುಪ್ಪ ನೆಕ್ಕಿಸಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಕೂಸಿಗೆ ಬೊಟುಲಿಸಂ ಅನ್ನುವ, ಮೈಯ ಸ್ನಾಯುಗಳ ಬಲ ಕುಂದಿಸುವ ಕಾಯಿಲೆ ಬರಬಹುದು. ಆರು ತಿಂಗಳವರೆಗೆ ಎದೆಹಾಲೇ ಸಾಕು, ನೀರೂ ಬೇಡ. ಮೂಗು ಕಿವಿಗೆ ಎಣ್ಣೆ ಬಿಡಬಾರದು. ಸಾಂಬ್ರಾಣಿ ಹೊಗೆಯನ್ನು ಕೂಸಿನ ಮುಖಕ್ಕೆ ಹಿಡಿಯಬಾರದು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಹಾಲೂಡಿಸುವವಳಿಗೆ ನೀರು ಜಾಸ್ತಿಯೇ ಬೇಕು.

ಹೇಳುವಾಗ ‘ನಿಮ್ಮ ಕಾಲ ಬೇರೆ’ ಅನ್ನಬೇಡಿ, ಆ ಮಾತು ಚುಚ್ಚುತ್ತದೆ. ‘ಡಾಕ್ಟರ್ ಬೈತಾರೆ ಅತ್ತೆ’ ಅಂದರೆ ಅರ್ಧ ಕೆಲಸ ಆಗುತ್ತದೆ. ಡಾಕ್ಟರ್ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋದರೆ ಪೂರ್ತಿ ಆಗುತ್ತದೆ. ಅತ್ತೆಗೆ ಮಗ ಹೇಳಲಿ, ಅಮ್ಮನಿಗೆ ಮಗಳು ಹೇಳಲಿ. ಸೊಸೆಯ ಬಾಯಿಂದ ಅದೇ ಮಾತು ಬೇರೆಯಾಗಿ ಕೇಳಿಸುತ್ತದೆ.

ನನ್ನ ಗಂಡ ಒಳ್ಳೆಯವರೇ. ಹೇಳಿದ್ದನ್ನೆಲ್ಲ ಮಾಡ್ತಾರೆ. ಆದರೂ ನನಗೆ ಯಾಕೆ ಇಷ್ಟು ಸುಸ್ತು?

‘ಹೇಳಿದ್ದನ್ನೆಲ್ಲ’. ಸುಸ್ತು ಅಲ್ಲೇ ಇದೆ. ಹೇಳಬೇಕು ಅನ್ನುವುದನ್ನು ನೆನಪಿಡುವವರು ಯಾರು?

ಒಂಬತ್ತು ತಿಂಗಳು ತುಂಬುತ್ತಲೇ ದಡಾರ ರುಬೆಲ್ಲಾ ಲಸಿಕೆ ಹಾಕಿಸಬೇಕು ಅನ್ನುವುದು ಯಾರ ತಲೆಯಲ್ಲಿದೆ? ತಾಯಿ ಕಾರ್ಡು ಯಾವ ಡ್ರಾಯರಿನಲ್ಲಿದೆ, ಶುಕ್ರವಾರ ಸ್ಕೂಲಿಗೆ ಹಳದಿ ಬಟ್ಟೆ, ಕೆಮ್ಮಿನ ಔಷಧಿ ಮುಗಿಯುತ್ತಾ ಬಂದಿದೆ, ನಾಡಿದ್ದು ನಾದಿನಿಯ ಮಗುವಿನ ನಾಮಕರಣ, ಚಪ್ಪಲಿ ಚಿಕ್ಕದಾಗಿದೆ. ಇದೆಲ್ಲ ಕೈಕೆಲಸವಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಗಂಡ ಹಾಲು ತರುತ್ತಾರೆ, ಹಾಲು ಮುಗಿದಿದೆ ಅಂತ ಹೆಂಡತಿ ನೋಡುತ್ತಾಳೆ. ತಲೆ ಖಾಲಿಯಾಗುವುದೇ ಇಲ್ಲ.

ಕೆಲಸ ಹಂಚುವಾಗ ಇಡಿಯಾಗಿ ಹಂಚಿ. ‘ಲಸಿಕೆ, ಡಾಕ್ಟರು, ಔಷಧಿ ಪೂರ್ತಿ ನಿಮ್ಮದು’ ಅಂದರೆ ತಾರೀಖು ನೆನಪಿಡುವುದು, ರಜೆ ಹಾಕುವುದು, ಜ್ವರದ ಡ್ರಾಪ್ಸ್ ತಂದಿಡುವುದು ಎಲ್ಲ ಸೇರಿ. ಆಮೇಲೆ ನೀವು ನೆನಪಿಸಬಾರದು. ಇದೇ ಕಷ್ಟದ ಭಾಗ. ಅವರು ಮಗುವಿಗೆ ಹೊಂದದ ಬಣ್ಣದ ಚಡ್ಡಿ ಹಾಕಿ ಕಳಿಸುತ್ತಾರೆ, ಜಡೆ ಸೊಟ್ಟ ಹಾಕುತ್ತಾರೆ. ಸೊಟ್ಟ ಜಡೆಯಲ್ಲೂ ಮಗು ಸ್ಕೂಲಿಗೆ ಹೋಗುತ್ತದೆ.

ರಾತ್ರಿಯನ್ನೂ ಹಂಚಿಕೊಳ್ಳಿ. ಒಬ್ಬರು ಮಧ್ಯರಾತ್ರಿ ಒಂದರವರೆಗೆ, ಇನ್ನೊಬ್ಬರು ಅಲ್ಲಿಂದ ಬೆಳಗಿನವರೆಗೆ. ಎಚ್ಚರವಾಗದೆ ನಾಲ್ಕೈದು ಗಂಟೆ ನಿದ್ದೆ ಸಿಕ್ಕಿದ ಮನುಷ್ಯ ಬೇರೆಯೇ ಮನುಷ್ಯ. ಈ ಇಡೀ ಬರಹದಲ್ಲಿ ಒಂದೇ ಒಂದನ್ನು ಮಾಡಲು ಸಾಧ್ಯ ಅಂದರೆ ಇದನ್ನು ಮಾಡಿ.

ಅಪ್ಪಂದಿರಿಗೂ ಹೀಗಾಗುತ್ತಾ?

ಆಗುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಸುಮಾರು ಹತ್ತು ಅಪ್ಪಂದಿರಲ್ಲಿ ಒಬ್ಬರಿಗೆ ಮಗು ಹುಟ್ಟುವ ಆಸುಪಾಸಿನಲ್ಲಿ ಖಿನ್ನತೆ ಬರುತ್ತದೆ. ಗಂಡಸರಲ್ಲಿ ಅದು ಅಳುವಾಗಿ ಕಾಣುವುದು ಕಡಿಮೆ. ಸಿಡುಕು, ಕುಡಿತ, ಆಫೀಸಿನಿಂದ ತಡವಾಗಿ ಬರುವುದು, ಬಂದ ಮೇಲೆ ಮೊಬೈಲಿನಲ್ಲಿ ಮುಳುಗುವುದು, ಹೀಗೆ ಕಾಣುತ್ತದೆ. ‘ಗಂಡಸಾಗಿ ಏನು ಅಳೋದು’ ಅನ್ನುವ ಮಾತನ್ನು ನಮ್ಮಪ್ಪಂದಿರ ಕಾಲಕ್ಕೇ ಬಿಟ್ಟುಬಿಡೋಣ.

ಮೊಬೈಲ್ ತೋರಿಸದೆ ತುತ್ತು ಇಳಿಯಲ್ಲ. ಆ ಅರ್ಧ ಗಂಟೆಯೇ ನನಗೆ ಬಿಡುವು.

ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುವುದು ಹೀಗೆ: ಎರಡು ವರ್ಷದವರೆಗೆ ಸ್ಕ್ರೀನ್ ಬೇಡ, ಅಜ್ಜಿ ತಾತನ ಜೊತೆ ವಿಡಿಯೋ ಕಾಲ್ ಪರವಾಗಿಲ್ಲ. ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ.

ಮೂರು ವರ್ಷದ ಮಗುವಿಗೆ ನೀವು ಅಡುಗೆ ಮಾಡುವಾಗ ಇಪ್ಪತ್ತು ನಿಮಿಷ ಕಾರ್ಟೂನ್ ಹಾಕಿದರೆ ಅದಕ್ಕೆ ಕೊರಗಬೇಡಿ. ಊಟದ ಹೊತ್ತಿಗೆ ಮಾತ್ರ ಬೇಡ. ಸ್ಕ್ರೀನ್ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಒಂದು ಹೊತ್ತು ಕಡಿಮೆ ತಿಂದರೆ ಮುಂದಿನ ಹೊತ್ತು ತಾನೇ ತಿನ್ನುತ್ತದೆ. ಮಲಗುವ ಮುಂಚಿನ ಒಂದು ಗಂಟೆಯೂ ಸ್ಕ್ರೀನ್ ಬೇಡ, ನಿಮ್ಮ ನಿದ್ದೆಗಾಗಿ ಹೇಳುತ್ತಿದ್ದೇವೆ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಂಜೆಯ ಹಟದಲ್ಲಿ ದೊಡ್ಡ ಪಾಲು ಈ ನಿದ್ದೆಯ ಸಾಲ.

ಕೆಲಸಕ್ಕೆ ವಾಪಸ್ ಹೋಗಬೇಕು. ಮಗುವನ್ನು ಯಾರ ಹತ್ತಿರ ಬಿಡೋದು?

ಕಾನೂನು ಏನು ಕೊಡುತ್ತದೆ ಅಂತ ಮೊದಲು ತಿಳಿದುಕೊಳ್ಳಿ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ಹೆರಿಗೆ ರಜೆ ಸಿಗುತ್ತದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುವಿಹಾರದ ಸೌಲಭ್ಯ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಲು ತಾಯಿಗೆ ಬಿಡಬೇಕು. ಎಚ್‌ಆರ್‌ಗೆ ಬರಹದಲ್ಲಿ ಕೇಳಿ. ಬಾಯಿಮಾತಿಗೆ ಸಿಗುವ ಉತ್ತರವೂ ಇಮೇಲಿಗೆ ಸಿಗುವ ಉತ್ತರವೂ ಬೇರೆ ಇರುತ್ತವೆ. ಅಪ್ಪಂದಿರಿಗೆ ಕೇಂದ್ರ ಸರ್ಕಾರಿ ನೌಕರಿಯಲ್ಲಿ 15 ದಿನ ರಜೆ ಇದೆ. ಖಾಸಗಿ ಕಂಪನಿ ಕೊಡಲೇಬೇಕು ಅನ್ನುವ ಕಾನೂನಿಲ್ಲ, ಅದು ಕಂಪನಿಯ ಇಷ್ಟ.

ಹಳ್ಳಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆಯನ್ನು ಕರ್ನಾಟಕ ಸರ್ಕಾರ 2023ರಲ್ಲಿ ತಂದಿತು. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ ಅಂತ ಕೇಳಿ. ಮೂರು ತುಂಬಿದ ಮೇಲೆ ಅಂಗನವಾಡಿ ಇದ್ದೇ ಇದೆ. ಪೇಟೆಯವರು ಅಂಗನವಾಡಿ ಅಂದರೆ ಮೂಗು ಮುರಿಯುತ್ತಾರೆ. ಒಮ್ಮೆ ಹೋಗಿ ನೋಡಿ ಆಮೇಲೆ ಮುರಿಯಲಿ.

ಬಿಟ್ಟು ಹೋಗುವಾಗ ಕದ್ದು ಹೋಗಬೇಡಿ. ‘ಸಂಜೆ ಬರ್ತೀನಿ’ ಅಂತ ಹೇಳಿ, ಟಾಟಾ ಮಾಡಿ ಹೊರಡಿ. ಅಳು ಬರುತ್ತದೆ, ನಿಮಗೂ ಬರಬಹುದು. ಕದ್ದು ಹೋದರೆ ಮಾರನೇ ದಿನದಿಂದ ಮಗು ನಿಮ್ಮ ಚೂಡಿದಾರದ ತುದಿಯನ್ನೇ ಬಿಡುವುದಿಲ್ಲ.

ನಾವಿರೋದು ಊರಿಂದ ತುಂಬಾ ದೂರ. ಕರೆದರೆ ಬರುವವರು ಯಾರೂ ಇಲ್ಲ.

ಪುಣೆಯಾಗಲಿ, ದುಬೈಯಾಗಲಿ, ಬೆಂಗಳೂರಿನ ಹತ್ತನೇ ಮಹಡಿಯಾಗಲಿ, ತೊಂದರೆ ಒಂದೇ. ನಂಬಬಹುದಾದ ಒಂದು ಮನೆ ಹುಡುಕಿಕೊಳ್ಳಿ, ಒಂದೇ ಸಾಕು. ಶನಿವಾರ ಎರಡು ಗಂಟೆ ಅವರ ಮಗು ನಿಮ್ಮಲ್ಲಿ, ಭಾನುವಾರ ನಿಮ್ಮದು ಅವರಲ್ಲಿ. ವಾಟ್ಸಾಪ್ ಗುಂಪಿನ ನೂರು ಜನಕ್ಕಿಂತ ಕೀಲಿ ಕೊಡಬಹುದಾದ ಒಬ್ಬರು ಮೇಲು.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು? ಎಲ್ಲಿಗೆ? ಜನ ಹುಚ್ಚು ಅಂದರೆ?

ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಗ್ಗೇ ಇದ್ದರೆ, ಕೋಪದಲ್ಲಿ ಕೈ ಎತ್ತುವುದು ದಿನಚರಿಯಾಗುತ್ತಿದ್ದರೆ, ಎದೆ ಡವಗುಟ್ಟಿ ನಿದ್ದೆ ಬರದಿದ್ದರೆ, ಕುಡಿತ ಹೆಚ್ಚುತ್ತಿದ್ದರೆ ಹೋಗಿ. ಸಾಯಬೇಕು ಅನ್ನುವ ಯೋಚನೆಯೋ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಭಯವೋ ಬಂದರೆ ನಾಳೆಗೆ ಇಡಬೇಡಿ. ಒಬ್ಬರೇ ಇರಬೇಡಿ, ಮಗುವನ್ನು ಬೇರೆಯವರ ಕೈಗೆ ಕೊಟ್ಟು ತಕ್ಷಣ ಸಹಾಯ ಕೇಳಿ.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಕರ್ನಾಟಕದಲ್ಲಿ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಹೋಗುವ ಮುಂಚೆ ಆಸ್ಪತ್ರೆಯಲ್ಲಿ ದಿನ ವಿಚಾರಿಸಿಕೊಳ್ಳಿ. ಮೊದಲ ಸಲ ಹೋಗಲು ಮುಜುಗರವಾದರೆ ನಿಮ್ಮ ಮಾಮೂಲಿ ಡಾಕ್ಟರಿಗೋ ಹೆರಿಗೆ ಡಾಕ್ಟರಿಗೋ ಹೇಳಿ, ಅವರು ದಾರಿ ತೋರಿಸುತ್ತಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು. ಹುಚ್ಚು ಅನ್ನುವವರು ನಿಮ್ಮ ಮಗುವನ್ನು ರಾತ್ರಿ ಎರಡಕ್ಕೆ ಎತ್ತಿಕೊಳ್ಳಲು ಬರುತ್ತಾರಾ? ಇಲ್ಲವಲ್ಲ.

ಮನೆಯಲ್ಲಿ ನಿಮ್ಮ ಮೇಲೆ ಹೊಡೆತ, ಹಿಂಸೆ ನಡೆಯುತ್ತಿದ್ದರೆ ಅದು ನೀವು ನಿಭಾಯಿಸಬೇಕಾದ ಒತ್ತಡವಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098.

ಫೋನಿನಲ್ಲೇ ಮಾತಾಡಬಹುದಾ? ದುಡ್ಡು ಎಷ್ಟು?

ಮಾತಾಡಬಹುದು, ದುಡ್ಡಿಲ್ಲ. ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ್ದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತ ಸಮಾಲೋಚಕರು ಸಿಗುತ್ತಾರೆ. ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ, ಹತ್ತಿರದ ಆಸ್ಪತ್ರೆ ಯಾವುದು ಅಂತ ತಿಳಿಸುತ್ತಾರೆ. ಏನು ಹೇಳಬೇಕು ಅಂತ ಮೊದಲೇ ಸಿದ್ಧ ಮಾಡಿಕೊಳ್ಳಬೇಕಿಲ್ಲ. ‘ಚಿಕ್ಕ ಮಗುವಿದೆ, ನನಗೆ ಆಗ್ತಾ ಇಲ್ಲ’ ಅಂದರೆ ಮುಂದಿನದನ್ನು ಅವರೇ ಕೇಳುತ್ತಾರೆ. ಹಿನ್ನೆಲೆಯಲ್ಲಿ ಮಗು ಅಳುತ್ತಿದ್ದರೂ ಪರವಾಗಿಲ್ಲ, ಫೋನ್ ಮಾಡಿ.